ಒಂದೇ ಅಜ್ಜಿಯನ್ನು ಎಷ್ಟು ಸಲ ಸಾಯಿಸುತ್ತೀರಿ?

ಡೊನೆಗಾಲ್ ತೀರದ ಪೋರ್ಟ್‌ಕಾರಾ ಬಂದರಿಗೆ ಇನ್ನೂ ಬೆಳಕು ಹರಿದಿಲ್ಲ. ಎರಡು ಟ್ರಾಲರ್‌ಗಳು ಬಂಗುಡೆ ಇಳಿಸುತ್ತಿವೆ. ಕ್ರೇನಿನ ಕಿರುಗುಟ್ಟುವಿಕೆಗೆ ಕಡಲಹಕ್ಕಿಗಳ ಜಗಳ ಸೇರಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಮೀನು ಹರಾಜಿನ ಶೆಡ್ಡಿಗೆ ಅಂಟಿಕೊಂಡ ಕ್ಯಾಂಟೀನಿನಲ್ಲಿ ಮಾತ್ರ ಒಂದು ದೀಪ. ಒಳಗೆ ಡಿಂಪ್ನಾ ಮೆಕ್‌ಗ್ರೋರ್ಟಿ ಮಳೆಕೋಟನ್ನೂ ಬಿಚ್ಚದೆ ಮೇಜುಗಳನ್ನು ಎಳೆದು ಒಂದಕ್ಕೊಂದು ಜೋಡಿಸುತ್ತಿದ್ದಾರೆ. ನಿನ್ನೆ ಯಾರೋ ಚೆಲ್ಲಿದ ಸಾಸನ್ನು ತಮ್ಮ ಕರವಸ್ತ್ರದಿಂದಲೇ ಒರೆಸುತ್ತಾರೆ. ಮೀನು ತುಂಬುವ ಖಾಲಿ ಪೆಟ್ಟಿಗೆಯೊಂದನ್ನು ಬಾಗಿಲ ಬಳಿ ಇಡುತ್ತಾರೆ. ಒಳಗೆ ಬರುವವರು ಫೋನನ್ನು ಅದರಲ್ಲಿ ಹಾಕಿಯೇ ಬರಬೇಕು.

ಒಬ್ಬೊಬ್ಬರೇ ಬರುತ್ತಾರೆ. ಹೈಸ್ಕೂಲಿನ ಕೊನೆಯ ವರ್ಷದ ಮಕ್ಕಳು. ಕೆಲವರ ಬಾಯಲ್ಲಿ ಇನ್ನೂ ಬೆಣ್ಣೆ ಸವರಿದ ಬ್ರೆಡ್ಡಿದೆ, ಕೆಲವರ ಕಣ್ಣಲ್ಲಿ ಇನ್ನೂ ನಿದ್ದೆಯಿದೆ. ಶಾಲೆಯ ಗಂಟೆ ಹೊಡೆಯಲು ಬೇಕಾದಷ್ಟು ಹೊತ್ತಿದೆ. ಈ ತರಗತಿಗೆ ಶುಲ್ಕವಿಲ್ಲ, ಹಾಜರಿಯಿಲ್ಲ, ಶಾಲೆಯ ವೇಳಾಪಟ್ಟಿಯಲ್ಲಿ ಹೆಸರೂ ಇಲ್ಲ. ಇಲ್ಲಿ ಕಲಿಸುವುದು ಪ್ರಬಂಧ ಬರೆಯುವುದನ್ನು ಮಾತ್ರ.

"ಕೊನಾಲ್, ನೀನು ಶುರುಮಾಡು. ಮೊದಲನೇ ವಾಕ್ಯ ಓದು."

ಕೊನಾಲ್ ಎಂಬ ಉದ್ದನೆಯ ಹುಡುಗ ಎದ್ದು ಗಂಟಲು ಸರಿಮಾಡಿಕೊಳ್ಳುತ್ತಾನೆ. "'ಇಂದಿನ ವೇಗದ ಯುಗದಲ್ಲಿ ಮಾನವನು...'"

"ನಿಲ್ಸು. ಯಾವ ವೇಗ?"

"ಅಂದ್ರೆ... ಎಲ್ಲಾ ವೇಗಾನೂ, ಮಿಸ್. ಜಗತ್ತು."

"ನಿಮ್ಮಪ್ಪನ ಬೋಟಿನ ಇಂಜಿನ್ ಕೆಟ್ಟು ಎಷ್ಟು ದಿನ ಆಯ್ತು?"

"ಮೂರು ವಾರ. ಬಿಡಿಭಾಗ ನಾರ್ವೇಯಿಂದ ಬರ್ಬೇಕಂತೆ."

"ಅಲ್ಲೀವರೆಗೂ ಅವರು ಏನ್ಮಾಡ್ತಿದ್ದಾರೆ?"

"ಕಿಟಕಿ ಹತ್ರ ಕೂತ್ಕೊಂಡು ಬೇರೆಯವರ ಬೋಟು ನೋಡ್ತಾರೆ. ಯಾರು ಮಾತಾಡಿಸಿದ್ರೂ ರೇಗ್ತಾರೆ."

"ಅಲ್ಲೋ ಮಾರಾಯ, ನಿನ್ನ ಮನೇಲಿ ಜಗತ್ತು ನಿಂತೇ ಹೋಗಿದೆ. ನೀನಿಲ್ಲಿ ಬಂದು ವೇಗದ ಯುಗ ಅಂತೀಯಲ್ಲ! ಆ ಕಿಟಕಿಯಿಂದ ಶುರುಮಾಡು."

ಉಳಿದವರು ನಗುತ್ತಾರೆ. ಕೊನಾಲ್ ನಗುವುದಿಲ್ಲ. ಹಾಳೆ ಮಗುಚಿ ಬರೆಯತೊಡಗುತ್ತಾನೆ.

ಡಿಂಪ್ನಾ ಅವರಿಗೆ ಐವತ್ತೆಂಟು. ನಮ್ಮ ಬಂದರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಲೇ ತಲೆ ಬೆಳ್ಳಗಾಗಿದೆ. ಊರಿನ ಅರ್ಧ ಜನಕ್ಕೆ ಅವರು ಮಿಸ್. ಬೋಟಿನ ಯಜಮಾನರಿಗೂ ಮಿಸ್, ಐಸ್ ಹೊಡೆಯುವವರಿಗೂ ಮಿಸ್. ಆದರೆ ಬಹುಮಾನ ವಿತರಣೆಯ ದಿನ ವೇದಿಕೆಯ ಮೇಲೆ ಅವರನ್ನು ನೋಡಿದವರಿಲ್ಲ. ಆ ಹೊತ್ತಿಗೆ ಅವರು ಸಭಾಂಗಣದ ಹಿಂದುಗಡೆ, ಬಂದವರಿಗೆ ಕುರ್ಚಿ ಸಾಲದೆ ಇನ್ನಷ್ಟು ಹುಡುಕುತ್ತಿರುತ್ತಾರೆ.

ಅಪ್ಪ ಬಲೆ ರಿಪೇರಿ ಮಾಡುತ್ತಿದ್ದವರು. ಮಗಳು ಓದಲಿ ಎಂದು ಬೆರಳು ಸವೆಸಿದವರು. ಡಿಂಪ್ನಾ ಸ್ವತಃ ಶಾಲೆಯ ಕೊನೆಯ ಪರೀಕ್ಷೆ, ಅಂದರೆ ನಾವೆಲ್ಲ ಬರೆದ ಲೀವಿಂಗ್ ಸರ್ಟ್ ಬರೆದಾಗ, ಆ ಕಾಲದ ಎಲ್ಲರಂತೆ ಒಂದು ಪ್ರಬಂಧವನ್ನು ಉರು ಹೊಡೆದಿದ್ದರು. ವಿಷಯ, ರೈಲು ಪ್ರಯಾಣ. ಒಳ್ಳೆಯ ಅಂಕ ಬಂತು. ಮನೆಯಲ್ಲಿ ಖುಷಿಯಿಂದ ಅದನ್ನು ಅಪ್ಪನ ಮುಂದೆ ಒಪ್ಪಿಸಿದರಂತೆ. ಸುರಂಗ, ಹೊಗೆ, ಕಿಟಕಿಯಾಚೆ ಓಡುವ ಗೋಧಿ ಹೊಲ.

"ಅಪ್ಪ ಪೂರ್ತಿ ಕೇಳಿದ್ರು. ಆಮೇಲೆ, 'ಚೆನ್ನಾಗಿದೆ ಕಣಮ್ಮ, ಆದ್ರೆ ನೀನು ಯಾವಾಗ ರೈಲು ಹತ್ತಿದ್ದು?' ಅಂದ್ರು" ಎಂದು ಡಿಂಪ್ನಾ ನೆನೆಯುತ್ತಾರೆ. "ನಮ್ಮ ಡೊನೆಗಾಲ್‌ನಲ್ಲಿ ರೈಲು ಎಲ್ಲಿದೆ? ನಾನು ಹುಟ್ಟೋಕೆ ಮುಂಚೇನೇ ಹಳಿ ಕಿತ್ತು ಹಾಕಿದ್ರು. ಅಪ್ಪ ಛೇಡಿಸ್ಲಿಲ್ಲ. ನಿಜವಾಗ್ಲೂ ಕೇಳಿದ್ರು. ಮಗಳು ತನಗೆ ಹೇಳದೆ ಎಲ್ಲಿಗೋ ಹೋಗಿಬಂದಿದ್ದಾಳೆ ಅಂತ ಅವರಿಗೆ ಬೇಜಾರಾಗಿತ್ತು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು."

ಈಗ ಉರು ಹೊಡೆಯುವುದು ಸುಲಭವಾಗಿದೆ. ಪಟ್ಟಣದ ಟ್ಯೂಷನ್ ಕೇಂದ್ರಗಳು ನೀಲಿ ಬಣ್ಣದ ಫೈಲುಗಳನ್ನು ಮಾರುತ್ತವೆ. ಅದರಲ್ಲಿ ಸಿದ್ಧ ಪ್ರಬಂಧಗಳಿರುತ್ತವೆ. ಪೀಠಿಕೆ ಒಂದು ಪುಟ, ಉಪಸಂಹಾರ ಅರ್ಧ ಪುಟ. ಕೇಳಿದ ವಿಷಯ ಸಮುದ್ರವಾದರೂ ಸರಿ, ಸ್ವಾತಂತ್ರ್ಯವಾದರೂ ಸರಿ, ಮೊದಲೆರಡು ಸಾಲು ತಿರುಚಿದರೆ ಅದೇ ಪ್ರಬಂಧ ಹೊಂದಿಕೊಳ್ಳುತ್ತದೆ. ಕಾಲೇಜಿನ ಸೀಟು ಈ ಪರೀಕ್ಷೆಯ ಅಂಕಕ್ಕೆ ಸಿಗುವ ಪಾಯಿಂಟ್‌ಗಳ ಮೇಲೆ ನಿಂತಿರುವಾಗ ತಂದೆತಾಯಿ ಅದನ್ನು ಕೊಂಡರೆ ತಪ್ಪೇನು ಎಂದು ಕೇಳುವವರು ನಮ್ಮಲ್ಲಿ ಬಹಳ ಜನ ಇದ್ದಾರೆ.

ಎರಡು ವರ್ಷದ ಹಿಂದೆ, ಪೂರ್ವಸಿದ್ಧತಾ ಪರೀಕ್ಷೆಯ ಪೇಪರುಗಳನ್ನು ತಿದ್ದುತ್ತಿದ್ದ ಡಿಂಪ್ನಾಗೆ ಒಬ್ಬ ಅಜ್ಜಿ ಎದುರಾದಳು. ಲ್ಯಾವೆಂಡರ್ ಬಣ್ಣದ ಏಪ್ರನ್ ತೊಟ್ಟ ಅಜ್ಜಿ, ಸೇಬಿನ ತೋಟದಲ್ಲಿ ಮೊಮ್ಮಗುವಿನ ಕೈ ಹಿಡಿದು ಪ್ರಾಣ ಬಿಡುತ್ತಾಳೆ. ಮುಂದಿನ ಪೇಪರಿನಲ್ಲೂ ಅದೇ ಅಜ್ಜಿ. ಅದರ ಮುಂದಿನದರಲ್ಲೂ. ನಮ್ಮ ಬಂದರಿನ ಉಪ್ಪುಗಾಳಿಗೆ ಕಾಂಪೌಂಡಿಗಿಂತ ಎತ್ತರಕ್ಕೆ ಒಂದು ಗಿಡವೂ ಬೆಳೆಯುವುದಿಲ್ಲ. ಸೇಬಿನ ತೋಟ ಎಲ್ಲಿಂದ ಬರಬೇಕು?

ಮರುದಿನ ತರಗತಿಗೆ ಹೋಗಿ, "ಅಜ್ಜಿ ತೀರಿಕೊಂಡವರು ಎದ್ದು ನಿಲ್ಲಿ" ಎಂದರಂತೆ. ಒಬ್ಬರ ಮುಖ ಒಬ್ಬರು ನೋಡುತ್ತ ಮುಕ್ಕಾಲು ಪಾಲು ತರಗತಿ ಎದ್ದು ನಿಂತಿತು.

"ಒಬ್ಬ ಹುಡುಗನ್ನ ಕೇಳ್ದೆ, 'ಲೋ, ನಿನ್ನಜ್ಜಿ ನಿನ್ನೆ ಸಂಜೆ ಚರ್ಚಿನ ಪ್ಯಾರಿಷ್ ಹಾಲಲ್ಲಿ ನನ್ನ ಪಕ್ಕಾನೇ ಕೂತು ಬಿಂಗೋ ಆಡಿ ಗೆದ್ದಳಲ್ಲೋ!' ಅಂತ. 'ಅದು ಬೇರೆ ಅಜ್ಜಿ ಮಿಸ್' ಅಂದ. 'ಒಂದೇ ಅಜ್ಜೀನ ಎಷ್ಟು ಸಲ ಸಾಯಿಸ್ತೀರೋ?' ಅಂದೆ. ಆ ಅಜ್ಜಿ ಇದ್ದ ಎಲ್ಲಾ ಪೇಪರಿಗೂ ಸೊನ್ನೆ ಕೊಟ್ಟೆ."

ಆ ಸೊನ್ನೆಗಳು ಊರಲ್ಲಿ ದೊಡ್ಡ ಗಲಾಟೆಯನ್ನೇ ಎಬ್ಬಿಸಿದವು. ಪಾಲಕರು ಮುಖ್ಯಶಿಕ್ಷಕ ಪ್ಯಾಡ್ರಿಗ್ ಮಲ್ರಾಯ್ ಅವರ ಕೋಣೆಗೆ ನುಗ್ಗಿದರು. ಮಲ್ರಾಯ್ ಕೆಟ್ಟವರಲ್ಲ, ಶಾಲೆಯ ಫಲಿತಾಂಶ ಪತ್ರಿಕೆಯಲ್ಲಿ ಅಚ್ಚಾದಾಗ ಅದಕ್ಕೆ ಉತ್ತರ ಕೊಡಬೇಕಾದವರು ಅವರೇ. ಆ ನೀಲಿ ಫೈಲನ್ನು ತರಗತಿಯಲ್ಲಿ ಬಳಸಿ ಎಂದು ಡಿಂಪ್ನಾರನ್ನು ಕೇಳಿಕೊಂಡರು. ಡಿಂಪ್ನಾ ಆಗುವುದಿಲ್ಲ ಎಂದರು. ಬೇಸಿಗೆ ರಜೆ ಮುಗಿದು ಶಾಲೆ ಶುರುವಾದಾಗ ಕೊನೆಯ ವರ್ಷದ ತರಗತಿ ಬೇರೊಬ್ಬರ ಪಾಲಾಗಿತ್ತು. ಡಿಂಪ್ನಾಗೆ ಹನ್ನೆರಡು ವರ್ಷದ ಮಕ್ಕಳಿಗೆ ಕಾಗುಣಿತ ಕಲಿಸುವ ಕೆಲಸ ಉಳಿದಿತ್ತು.

"ಮಲ್ರಾಯ್‌ಗೆ ನಾನು ಹೇಳ್ದೆ, ನಿಮ್ಮ ಗಂಟೆ ಹೊಡೆದ ಮೇಲೆ ನಾನು ನಿಮ್ಮವಳು. ಅದಕ್ಕೆ ಮುಂಚೆ ನಾನು ಯಾರವಳೂ ಅಲ್ಲ" ಎನ್ನುತ್ತಾರೆ.

ಹಾಗೆ ಶುರುವಾದದ್ದು ಈ ಕ್ಯಾಂಟೀನ್ ತರಗತಿ. ಮೊದಲ ದಿನ ನಾಲ್ಕು ಮಕ್ಕಳು ಬಂದಿದ್ದರು. ಅವರಲ್ಲಿ ಒಬ್ಬಳು ಶೌನಾ ಹೆಗಾರ್ಟಿ. ಹೆಚ್ಚು ಮಾತಾಡದ ಹುಡುಗಿ. ಗಾಲ್ವೇಯ ವಿಶ್ವವಿದ್ಯಾಲಯಕ್ಕೆ ಹೋಗಿ ಸಮುದ್ರವಿಜ್ಞಾನ ಓದಬೇಕು ಎನ್ನುವುದು ಅವಳ ಆಸೆ. ಅವಳ ತಾಯಿ ನೊರೀನ್ ಇಲ್ಲಿನ ಮೀನು ಕಾರ್ಖಾನೆಯಲ್ಲಿ ಬಂಗುಡೆ ಕೊಯ್ಯುವ ಸಾಲಿನಲ್ಲಿ ನಿಲ್ಲುವವರು.

ಆ ಚಳಿಗಾಲದಲ್ಲಿ ಡಿಂಪ್ನಾ ಕೊಟ್ಟ ವಿಷಯ 'ಒಂದು ಬಸ್ ಪ್ರಯಾಣ'. ಶೌನಾ ಬರೆದದ್ದನ್ನು ಎದ್ದು ನಿಂತು ಓದಿದಳು. ಶಾಲೆ ಬಿಟ್ಟು ಗೆಳತಿಯರ ಜೊತೆ ಬಸ್ಸಿನಲ್ಲಿ ಮನೆಗೆ ಹೋಗುತ್ತಿರುತ್ತಾಳೆ. ಕಾರ್ಖಾನೆಯ ನಿಲ್ದಾಣದಲ್ಲಿ ಅಮ್ಮ ಹತ್ತುತ್ತಾಳೆ. ಬಸ್ಸಿಗೆ ಮೀನಿನ ವಾಸನೆ ತುಂಬುತ್ತದೆ. ಗೆಳತಿಯೊಬ್ಬಳು ಮೂಗು ಮುಚ್ಚಿಕೊಳ್ಳುತ್ತಾಳೆ. ಶೌನಾ ಕಿಟಕಿಯ ಕಡೆ ತಿರುಗಿ, ಅಮ್ಮನ ಗುರುತೇ ಇಲ್ಲದವಳಂತೆ ಕೂರುತ್ತಾಳೆ. ಅಮ್ಮ ಅದನ್ನು ನೋಡುತ್ತಾಳೆ. ನೋಡಿ, ಹಿಂದೆ ಬಾರದೆ, ಡ್ರೈವರ್ ಪಕ್ಕದ ಮುಂದಿನ ಸೀಟಿನಲ್ಲಿ ಒಬ್ಬಳೇ ಕೂರುತ್ತಾಳೆ.

ಓದು ಮುಗಿಯಿತು. ಡಿಂಪ್ನಾ "ಕೂತ್ಕೋ ಮರಿ" ಎಂದಷ್ಟೇ ಹೇಳಿದರು.

ನಮ್ಮದು ಸಣ್ಣ ಊರು. ಸಂಜೆಯ ಹೊತ್ತಿಗೆ ಸುದ್ದಿ ಕಾರ್ಖಾನೆಯ ಬಾಗಿಲು ದಾಟಿ ಕೊಯ್ಯುವ ಸಾಲಿಗೆ ಮುಟ್ಟಿತ್ತು. ಮರುದಿನ ಬೆಳಗ್ಗೆ ಕ್ಯಾಂಟೀನಿನ ಬಾಗಿಲು ಗೋಡೆಗೆ ಬಡಿಯಿತು. ಬಿಳಿ ಗಮ್‌ಬೂಟು, ತಲೆಗೆ ಬಲೆಯ ಟೋಪಿ, ಕೆಲಸಕ್ಕೆ ಹೊರಟ ವೇಷದಲ್ಲೇ ನೊರೀನ್ ನಿಂತಿದ್ದರು. ಅಂದು ಅಲ್ಲಿದ್ದವರೆಲ್ಲ ಆ ಮಾತುಕತೆಯನ್ನು ಇವತ್ತಿಗೂ ಬಾಯಿಪಾಠ ಒಪ್ಪಿಸುತ್ತಾರೆ.

"ಇದೇನಾ ನೀವು ಕಲಿಸೋ ಪಾಠ? ಹೆತ್ತ ತಾಯಿ ನಾರ್ತಾಳೆ ಅಂತ ಬರೆಸೋದಾ?"

"ನೊರೀನ್, ಕೂತ್ಕೋ."

"ಕೂರಲ್ಲ! ನನ್ನ ಸಾಲಲ್ಲಿ ನಿಂತವರೆಲ್ಲ ನಿನ್ನೆ ಹೇಗೆ ನೋಡಿದ್ರು ಗೊತ್ತಾ? ಒಬ್ಬಳಂತೂ ಸೆಂಟಿನ ಬಾಟ್ಲಿ ತಂದ್ಕೊಡ್ಲಾ ಅಂತ ಕೇಳಿದ್ಲು. ಬೇರೆ ಮಕ್ಕಳು ಹೂವು ಹಣ್ಣಿನ ಬಗ್ಗೆ ಬರೆದು ಪಾಯಿಂಟು ತಗೊಳ್ತಾರೆ. ನನ್ನ ಮಗಳ ಪಾಲಿಗೆ ಮಾತ್ರ ಈ ಗಬ್ಬಾ?"

ಶೌನಾ ಮೇಜಿನ ಮೇಲೆ ತಲೆಯಿಟ್ಟು ಅಳುತ್ತಿದ್ದಳು. ಡಿಂಪ್ನಾ ಎದ್ದು ನೊರೀನ್ ಎದುರು ನಿಂತರು.

"ಎಲ್ಲರ ಮುಂದೆ ಓದಿಸಿದ್ದು ನನ್ನ ತಪ್ಪು. ಮೊದಲು ನಿನ್ನನ್ನ ಕೇಳ್ಬೇಕಿತ್ತು. ಆ ತಪ್ಪು ಒಪ್ಕೋತೀನಿ. ಬರೆಸಿದ್ದು ತಪ್ಪಲ್ಲ. ಅದನ್ನ ಒಪ್ಪಲ್ಲ."

"ಹಾಗಾದ್ರೆ ಅವಳು ಬರೆದದ್ದೇ ಸತ್ಯಾನಾ?"

"ಅವಳಿಗೆ ಕಂಡಷ್ಟು."

"ಮತ್ತೆ ನಂಗೆ ಕಂಡಿದ್ದು? ಅದನ್ನ ಯಾರು ಬರೀತಾರೆ?"

ಡಿಂಪ್ನಾ ಒಂದು ಹಾಳೆ, ಒಂದು ಪೆನ್ನು ತೆಗೆದು ಮೇಜಿನ ಮೇಲಿಟ್ಟು, ಕುರ್ಚಿ ಎಳೆದರು.

ನೊರೀನ್ ಹದಿನೈದಕ್ಕೇ ಶಾಲೆ ಬಿಟ್ಟವರು. ಆ ದಿನ ಬರೆಯಲಿಲ್ಲ; ಬೈದು, ಬಾಗಿಲು ಮತ್ತೊಮ್ಮೆ ಬಡಿದು ಹೊರಟುಹೋದರು. ಹಾಳೆಯನ್ನು ಮಾತ್ರ ಒಯ್ದಿದ್ದರು. ಮಗಳ ಜೊತೆ ಆ ವಾರವಿಡೀ ಮಾತಿಲ್ಲ. ಮುಂದಿನ ಸೋಮವಾರ ಮಕ್ಕಳೆಲ್ಲ ಬರುವ ಮುಂಚೆಯೇ ಬಂದು ಕೂತಿದ್ದರು. ತಾವೇ ಎದ್ದು ನಿಂತು ಓದಿದರು. ಆ ಪ್ರಬಂಧದ ಒಂದಿಷ್ಟನ್ನು ಅವರ ಒಪ್ಪಿಗೆ ಪಡೆದು ಇಲ್ಲಿ ಕೊಡುತ್ತಿದ್ದೇನೆ:

"ನನ್ನ ಮಗಳು ಬರೆದದ್ದರಲ್ಲಿ ಒಂದು ತಪ್ಪಿದೆ. ನಾನು ಮುಂದೆ ಕೂತದ್ದು ಅವಳಿಗೋಸ್ಕರ ಅಲ್ಲ. ಮುಂದಿನ ಸೀಟಿನ ಕೆಳಗೆ ಹೀಟರ್ ಇದೆ. ಇಡೀ ದಿನ ಐಸಿನ ಮೇಲೆ ನಿಂತ ಕಾಲು. ಕೂತೆ. ಎಲ್ಲವೂ ತನ್ನ ಬಗ್ಗೆಯೇ ಅಂತ ಅವಳು ಅಂದುಕೊಳ್ಳಬಾರದು. ನನಗೆ ನಾಚಿಕೆ ಆಗಲಿಲ್ಲ. ನಾನು ಕೊಯ್ದ ಮೀನು ಜಪಾನಿಗೆ ಹೋಗುತ್ತದೆ. ಅಲ್ಲಿ ಯಾರೂ ಮೂಗು ಮುಚ್ಚುವುದಿಲ್ಲ, ಬಾಯಿ ತೆರೆಯುತ್ತಾರೆ. ಆದರೆ ಅವಳು ಕಿಟಕಿ ಕಡೆ ತಿರುಗಿದ್ದನ್ನು ನೋಡಿದೆ. ಕಾಲು ಬೆಚ್ಚಗಾದ ಮೇಲೂ ಅದು ಹೋಗಲಿಲ್ಲ."

ಶೌನಾ ಎದ್ದು ಬಂದು ಅಮ್ಮನ ಪಕ್ಕ ಕೂತಳು. ಮಕ್ಕಳು ಚಪ್ಪಾಳೆ ತಟ್ಟಿದರು. ಡಿಂಪ್ನಾ ತಟ್ಟಲಿಲ್ಲ, ಹಾಳೆ ಇಸಿದುಕೊಂಡು ಕನ್ನಡಕ ಏರಿಸಿದರು.

"ಕೊನೇ ಪ್ಯಾರಾದಲ್ಲಿ 'ಎಲ್ಲ ತಾಯಂದಿರೂ ಮಕ್ಕಳಿಗಾಗಿ ತ್ಯಾಗ ಮಾಡುತ್ತಾರೆ' ಅಂತ ಬರೆದಿದ್ದೀಯ. ಎಲ್ಲ ತಾಯಂದಿರ ವಿಷಯ ನಿನಗೆ ಹೇಗೆ ಗೊತ್ತು ನೊರೀನ್?"

"ಅಯ್ಯೋ, ಅದು ಚೆನ್ನಾಗಿರ್ಲಿ ಅಂತ ಹಾಕ್ದೆ."

"ಹೊಡೆದು ಹಾಕು."

"ಮನೆಹಾಳು ಹೆಂಗಸು!" ಎಂದು ನೊರೀನ್ ಗೊಣಗಿದರು. ಹೊಡೆದು ಹಾಕಿದರು.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಆದರೆ ಹೊರಗೆ ಮಾತು ಬೇರೆಯದೇ ದಾರಿ ಹಿಡಿದಿತ್ತು. ಮಕ್ಕಳಿಂದ ಮನೆಯ ಗುಟ್ಟು ಹೊರಡಿಸುತ್ತಾಳೆ, ಪಾಯಿಂಟ್ ಹಾಳುಮಾಡುತ್ತಾಳೆ ಎಂಬ ದೂರು ಪಾಲಕರ ಸಭೆಯವರೆಗೆ ಹೋಯಿತು. ಫೆಬ್ರವರಿಯ ಆ ಸಂಜೆ ಶಾಲೆಯ ಸಭಾಂಗಣ ಕಿಕ್ಕಿರಿದಿತ್ತು. ಹೊರಗೆ ಆಲಿಕಲ್ಲು ಬೀಳುತ್ತಿತ್ತು, ಒಳಗೆ ಒದ್ದೆ ಕೋಟುಗಳ ಹಬೆ. ನಾನೂ ಅಲ್ಲಿದ್ದೆ.

ಮಲ್ರಾಯ್ ಎದ್ದು, ಈ ಕ್ಯಾಂಟೀನ್ ತರಗತಿ ನಿಲ್ಲಬೇಕೆಂದು ಪಾಲಕರ ಬೇಡಿಕೆಯಿದೆ, ಒಬ್ಬ ತಾಯಿಗೆ ಆದ ನೋವು ನಮಗೆಲ್ಲ ತಿಳಿದೇ ಇದೆ ಎಂದು ಮೆತ್ತಗೆ ಶುರುಮಾಡಿದರು.

"ಆ ತಾಯಿ ನಾನೇ. ನಾನೆಲ್ಲಿ ದೂರು ಕೊಟ್ಟೆ?" ಹಿಂದಿನ ಸಾಲಿನಿಂದ ನೊರೀನ್ ಎದ್ದರು. "ನನ್ನ ನೋವು ನಿಮ್ಮ ಕೈಗೆ ಯಾವಾಗ ಕೊಟ್ಟೆ, ಎತ್ಕೊಂಡು ಓಡಾಡೋಕೆ?"

"ನೊರೀನ್, ನಿಮ್ಮ ಮಗಳ ಭವಿಷ್ಯದ ದೃಷ್ಟಿಯಿಂದ..."

"ನನ್ನ ಮಗಳು ನಂಗೆ ಬೇಜಾರಾಗೋ ಹಂಗೆ ಬರೆದಳು, ನಿಜ. ಆದ್ರೆ ಬರೆದದ್ದು ನನ್ನ ಬಗ್ಗೆ. ನಿಮ್ಮ ಮಕ್ಕಳು ಯಾರ ಬಗ್ಗೆ ಬರೆದಿದ್ದಾರೆ, ಮನೇಗೆ ಹೋಗಿ ಓದಿ ನೋಡಿ. ಹದಿನೆಂಟು ವರ್ಷ ಅನ್ನ ಹಾಕಿದ್ದೀರಿ. ಆ ನೀಲಿ ಫೈಲಲ್ಲಿ ನೀವು ಎಲ್ಲಾದ್ರೂ ಇದ್ದೀರಾ?"

ಯಾರೋ ನಕ್ಕರು. ಯಾರೋ "ಕೂರಮ್ಮ, ಮಾತು ಜಾಸ್ತಿ ಆಯ್ತು" ಎಂದು ಕೂಗಿದರು. ಡಿಂಪ್ನಾರನ್ನು ಏನಾದರೂ ಹೇಳುತ್ತೀರಾ ಎಂದು ಕೇಳಿದಾಗ ಅವರು ಎದ್ದು, "ನಾಳೆ ಬೆಳಿಗ್ಗೆ ಕ್ಯಾಂಟೀನ್ ತೆಗ್ದಿರುತ್ತೆ" ಎಂದು ಹೇಳಿ ಕೂತರು. ಈ ತರಗತಿಗೂ ಶಾಲೆಗೂ ಸಂಬಂಧವಿಲ್ಲ ಎಂಬ ಪ್ರಕಟಣೆಯೊಂದು ಮರುದಿನ ಗೇಟಿನ ಮೇಲೆ ಅಂಟಿತು. ಅದನ್ನು ಓದಿಯೇ ಕೆಲವು ಹೊಸಬರಿಗೆ ತರಗತಿಯ ಜಾಗ, ವೇಳೆ ಗೊತ್ತಾಯಿತು ಎಂದು ಡಿಂಪ್ನಾ ನಗುತ್ತಾರೆ.

ಆಗಸ್ಟಿನಲ್ಲಿ ಫಲಿತಾಂಶ ಬಂತು. ಇದನ್ನು ಸಿಹಿ ಮಾಡಿ ಬರೆಯುವುದು ಡಿಂಪ್ನಾರಿಗೆ ಇಷ್ಟವಾಗುವುದಿಲ್ಲ. ಇಂಗ್ಲಿಷಿನಲ್ಲಿ ಶಾಲೆಗೇ ಮೊದಲು ಬಂದವನು ಫೈಲು ಉರು ಹೊಡೆದ ಹುಡುಗ. ಶೌನಾಗೆ ಒಳ್ಳೆಯ ಅಂಕ ಬಂದವು, ಆದರೆ ಸಾಕಾಗುವಷ್ಟಲ್ಲ. ಗಾಲ್ವೇ ಸ್ವಲ್ಪದರಲ್ಲಿ ತಪ್ಪಿತು.

"ಮನೇಲಿ ಎರಡು ದಿನ ಯಾರೂ ಸರಿಯಾಗಿ ಊಟ ಮಾಡ್ಲಿಲ್ಲ" ಎನ್ನುತ್ತಾರೆ ನೊರೀನ್. "ಮಿಸ್ ಬಂದ್ರು. ಕ್ಷಮೆ ಕೇಳೋಕೆ ಬಂದಿದ್ದಾರೇನೋ ಅಂದ್ಕೊಂಡೆ. ಕೇಳ್ಲಿಲ್ಲ. ಶೌನಾ ಪಕ್ಕ ಕೂತು ಟೀ ಕುಡಿದ್ರು, ಕೈ ಹಿಡ್ಕೊಂಡ್ರು. 'ನಿನ್ನ ಪೇಪರ್ ನೋಡೋಕೆ ಅರ್ಜಿ ಹಾಕೋಣ' ಅಂದ್ರು. ಇವಳು ಬೇಡ ಅಂದ್ಲು. 'ನಾನೇನು ಬರೆದಿದ್ದೀನಿ ಅಂತ ನಂಗೆ ಗೊತ್ತು ಮಿಸ್' ಅಂದ್ಲು. ಮಿಸ್ ಕಣ್ಣಲ್ಲಿ ನೀರು ಬಂತು. ನನ್ನ ಜನ್ಮದಲ್ಲಿ ಅದೊಂದು ಸಲಾನೇ ನಾನು ನೋಡಿದ್ದು."

ಶೌನಾ ಈಗ ಲೆಟರ್‌ಕೆನ್ನಿ ಪಟ್ಟಣದ ಕಾಲೇಜಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಬೇಸರವಿಲ್ಲವೇ ಎಂದು ಫೋನಿನಲ್ಲಿ ಕೇಳಿದೆ. "ಇದೆ" ಎಂದಳು. "ಗಾಲ್ವೇ ನೆನಪು ಈಗಲೂ ಬರುತ್ತೆ. ಆದ್ರೆ ವಾರ್ಡಲ್ಲಿ ರೋಗಿಗಳ ಬಗ್ಗೆ ನಾನು ಬರೆದಿಟ್ಟ ಟಿಪ್ಪಣಿ ಓದಿ ಸಿಸ್ಟರ್ ಕೇಳಿದ್ರು, 'ಇಷ್ಟು ಸರಿಯಾಗಿ ನೋಡೋದನ್ನ ಎಲ್ಲಿ ಕಲಿತೆ?' ಅಂತ. ಮೀನಿನ ಕ್ಯಾಂಟೀನಲ್ಲಿ ಅಂದೆ. ತಮಾಷೆ ಮಾಡ್ತಿದ್ದೀನಿ ಅಂದ್ಕೊಂಡ್ರು."

ಈ ಸೆಪ್ಟೆಂಬರಿನಲ್ಲಿ ಮಲ್ರಾಯ್ ಡಿಂಪ್ನಾರನ್ನು ಕರೆಸಿದರು. ಕೊನೆಯ ವರ್ಷದ ತರಗತಿಯನ್ನು ವಾಪಸು ಕೊಡುತ್ತೇನೆ, ಬಿಸಿಗಾಳಿಯ ವ್ಯವಸ್ಥೆಯಿರುವ ಮೂಲೆಕೋಣೆಯೇ ನಿಮಗೆ, ವಾರಕ್ಕೊಂದು ದಿನ ಮಾತ್ರ ಫೈಲನ್ನು ಓದಿಸಿ, ಉಳಿದ ದಿನ ನಿಮ್ಮಿಷ್ಟ ಎಂದರು. ನಿವೃತ್ತಿಗೆ ಹತ್ತಿರವಾದವರಿಗೆ ಇದು ಸಣ್ಣ ಮಾತೇನಲ್ಲ.

"ಒಂದು ದಿನ ಯೋಚನೆ ಮಾಡ್ದೆ" ಎನ್ನುತ್ತಾರೆ ಡಿಂಪ್ನಾ. "ಸುಳ್ಳು ಯಾಕೆ ಹೇಳ್ಲಿ, ಆ ಕೋಣೆ ಆಸೆ ಆಯ್ತು. ನನ್ನ ಮಂಡಿ ಈ ಥಂಡಿಗೆ ಹಿಡ್ಕೊಳ್ಳುತ್ತೆ. ಆಮೇಲೆ ಹೋಗಿ, ವಾರಕ್ಕೆ ಒಂದು ದಿನ ಬಾಯಿ ಮುಚ್ಕೊಂಡು ಇನ್ನೊಬ್ಬರ ಬಾಯಲ್ಲಿ ಮಾತಾಡಿ ಅಂತ ನಾನು ಮಕ್ಕಳಿಗೆ ಹೇಳಲ್ಲ ಅಂದೆ. ಮಲ್ರಾಯ್ ತಲೆ ಹಿಡ್ಕೊಂಡು ಕೂತ. ಪಾಪ, ಅವನೂ ನನ್ನ ಹಳೇ ವಿದ್ಯಾರ್ಥೀನೇ."

ಹೊರಗೆ ಬೆಳಕಾಗಿದೆ. ಮಕ್ಕಳು ಪೆಟ್ಟಿಗೆಯಿಂದ ಫೋನು ಹೆಕ್ಕಿಕೊಂಡು ಶಾಲೆಯ ಕಡೆ ಓಡುತ್ತಾರೆ. ಕ್ಯಾಂಟೀನಿನ ಹುಡುಗಿ ಮೊಟ್ಟೆ ಕರಿಯಲು ಬಾಣಲೆ ಇಡುತ್ತಾಳೆ. ಡಿಂಪ್ನಾ ಮೇಜುಗಳನ್ನು ಮತ್ತೆ ಬೇರೆ ಬೇರೆ ಮಾಡಿ ಮೊದಲಿದ್ದ ಜಾಗಕ್ಕೆ ತಳ್ಳುತ್ತಾರೆ. ಇಷ್ಟೆಲ್ಲ ಹಟದಿಂದ ನಿಮಗೆ ಬೇಕಾದದ್ದಾದರೂ ಏನು ಎಂದು ಕೊನೆಗೆ ಕೇಳುತ್ತೇನೆ. ಅವರು ಚೀಲಕ್ಕೆ ಹಾಳೆಗಳನ್ನು ತುಂಬುವುದನ್ನು ನಿಲ್ಲಿಸುವುದಿಲ್ಲ.

"ಜೂನ್ ತಿಂಗಳಲ್ಲಿ ಯಾವುದೋ ಊರಲ್ಲಿ ಒಬ್ಬ ಪರೀಕ್ಷಕ ಅಡುಗೆಮನೆ ಮೇಜಿನ ಮೇಲೆ ಪೇಪರ್ ರಾಶಿ ಹಾಕ್ಕೊಂಡು ಕೂತಿರ್ತಾನೆ. ಮೊದಲನೇ ಸಾಲು ಓದಿದ್ರೆ ಅವನಿಗೆ ಕೊನೇ ಸಾಲು ಗೊತ್ತು. ನಮ್ಮ ಬಂದರಿನ ಪೇಪರ್ ಕಟ್ಟು ಬಿಚ್ಚಿದಾಗ ಮಾತ್ರ ಮುಂದೆ ಏನು ಬರುತ್ತೆ ಅಂತ ಅವನಿಗೆ ಗೊತ್ತಾಗಬಾರದು. ಅಷ್ಟೇ ನಂಗೆ ಬೇಕಾಗಿರೋದು. ಆಮೇಲೆ ಅಂಕ ಅವನ ಇಷ್ಟ, ಎಷ್ಟು ಬೇಕಾದ್ರೂ ಕೊಡ್ಲಿ."